ಎರಡನೇ ರಿಮೋಟ್

ಜೀಪು ನಿಲ್ಲುವ ಮೊದಲೇ ಚಿದಂಬರ ಕಿಟಕಿಯಿಂದ ಕೈ ಚಾಚಿ ಗಾಳಿಯನ್ನು ಮುಟ್ಟಿ ನೋಡುತ್ತಿದ್ದ. ಬಾಣಾವರದ ಆಚೆಯ ಈ ಬೋಳುಗುಡ್ಡಕ್ಕೆ ಬಂದಾಗಲೆಲ್ಲ ಅವನು ಮಾಡುವ ಮೊದಲ ಕೆಲಸ ಅದು.

"ಪಡುವಣ ಗಾಳಿ. ಒಂದೇ ಸಮ ಬೀಸ್ತಿದೆ ಕಣೇ. ಇವತ್ತು ಗ್ಲೈಡರ್ ನಿಲ್ಸಿದ್ರೆ ನಿಂತಲ್ಲೇ ನಿಲ್ಲುತ್ತೆ."

ಸ್ಟಿಯರಿಂಗ್ ಹಿಡಿದಿದ್ದ ಅವನ ಹೆಂಡತಿ ದ್ರಾಕ್ಷಾಯಣಿ ಹೂಂಗುಟ್ಟಿದಳು. ಕೆಳಗಿಳಿದು ಬಂದು ಅವನ ಬಾಗಿಲ ಪಕ್ಕ ಸುಮ್ಮನೆ ನಿಂತಳು. ಕೈ ಹಿಡಿಯಲಿಲ್ಲ. ಹಿಡಿದರೆ ಅವನಿಗೆ ಆಗುತ್ತಿರಲಿಲ್ಲ. ಅವಳ ಸೆರಗಿನ ಬಣ್ಣವನ್ನು ಗುರುತಿಟ್ಟುಕೊಂಡು ಹಿಂದೆ ಹಿಂದೆ ಬರುತ್ತಿದ್ದ. ಹಾಗಾಗಿ ಗುಡ್ಡಕ್ಕೆ ಬರುವ ದಿನ ಅವಳು ಕಣ್ಣಿಗೆ ಹೊಡೆಯುವಂಥ ಹಳದಿ ಸೀರೆಯನ್ನೇ ಉಡುತ್ತಿದ್ದಳು. ಅದನ್ನು ಇಬ್ಬರೂ ಯಾವತ್ತೂ ಮಾತಿಗೆ ತಂದಿರಲಿಲ್ಲ.

ಕುರುಚಲು ಗಿಡದ ಮರೆಯಿಂದ ಆಡು ಮೇಯಿಸುವ ಕರಿಯಯ್ಯ ಎದ್ದು ಬಂದ.

"ಬಂದ್ರಾ ಸಾವ್ಕಾರ್ರು, ಹದ್ದು ಬಿಡಾಕೆ! ಅಮ್ಮಾವ್ರೇ, ನಮ್ ಹೋತನ ಮ್ಯಾಲೆ ಮಾತ್ರ ಇಳಿಸ್ಬ್ಯಾಡಿ. ಅವತ್ತಿಂದ ಅದು ಆಕಾಸ ನೋಡ್ಕಂಡೇ ಮೇಯ್ತೈತೆ."

"ಅದಾಗಿ ಆರು ವರ್ಷ ಆಯ್ತಲ್ಲೋ!" ದ್ರಾಕ್ಷಾಯಣಿ ನಕ್ಕಳು. "ಆ ಹೋತ ಇನ್ನೂ ಬದುಕಿದ್ಯಾ?"

"ಇದು ಅದ್ರ ಮಗ. ವಂಶಕ್ಕೇ ಹತ್ಕಂಬುಡ್ತು ಭಯ."

ಚಿದಂಬರ ಜೋರಾಗಿ ನಕ್ಕ. ಅರಸೀಕೆರೆಯ ಮಂಡಿಯಲ್ಲಿ ಈಚೆಗೆ ಅವನು ಹೀಗೆ ನಗುವುದು ನಿಂತುಹೋಗಿತ್ತು.

ಕೊಬ್ಬರಿ ವ್ಯಾಪಾರ ಅವರ ಮನೆತನದ್ದು. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ತಂದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಗಿಟುಕು ಒಣಗಿ ಚಿಪ್ಪು ಬಿಟ್ಟಿದೆಯೋ, ಇನ್ನೂ ಹಸಿಯೋ, ಕೊಳೆತಿದೆಯೋ ಚಿದಂಬರ ಹೇಳಿಬಿಡುತ್ತಿದ್ದ. ಕಣ್ಣು ಕೆಡುತ್ತ ಬಂದದ್ದು ಮಂಡಿಯಲ್ಲಿ ಬಹಳ ದಿನ ಯಾರಿಗೂ ತಿಳಿಯದೇ ಹೋದದ್ದು ಅದರಿಂದಲೇ. ತಿಳಿದದ್ದು ಈ ಗುಡ್ಡದ ಮೇಲೆ. ಎದುರಿಗೇ ತೇಲುತ್ತಿದ್ದ ಗ್ಲೈಡರನ್ನು ಅವನು ಬೇರೆಲ್ಲೋ ಹುಡುಕುತ್ತಿದ್ದ. ಕಣ್ಣಿನ ಡಾಕ್ಟರು ಬಳಸಿ ಮಾತಾಡಲಿಲ್ಲ. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ, ಕೊಳವೆ ವರ್ಷ ವರ್ಷಕ್ಕೂ ಸಣ್ಣದಾಗುತ್ತದೆ, ಔಷಧಿ ಇಲ್ಲ ಎಂದರು.

ಗ್ಲೈಡರಿಗೆ ಇಂಜಿನ್ ಇಲ್ಲ. ಒಂದು ಮಾರು ಅಗಲದ ರೆಕ್ಕೆ, ಹೊಟ್ಟೆಯೊಳಗೆ ಪುಟ್ಟ ಬ್ಯಾಟರಿ; ನೆಲದ ಮೇಲೆ ನಿಂತವರು ರಿಮೋಟಿನಿಂದ ತಿರುಗಿಸುತ್ತಾರೆ. ಪಡುವಣ ಗಾಳಿ ಗುಡ್ಡದ ಎದೆಗೆ ಬಡಿದು ಮೇಲೇರುವಾಗ ಅದು ಆ ಗಾಳಿಗೆ ಒರಗಿಕೊಂಡು ಗಂಟೆಗಟ್ಟಲೆ ತೇಲುತ್ತದೆ. ಗುಡ್ಡದ ಬೆನ್ನ ಕಡೆ ಹೋಯಿತೋ, ಮುಗಿಯಿತು. ಅಲ್ಲಿ ಗಾಳಿ ಕೆಳಕ್ಕೆ ಒತ್ತಿ ಬಂಡೆಗೆ ಅಪ್ಪಳಿಸುತ್ತದೆ.

ಮದುವೆಯಾದ ಹೊಸದರಲ್ಲಿ ಅವಳಿಗೆ ಕಲಿಸಲೆಂದು ಅವನು ಎರಡನೇ ರಿಮೋಟ್ ತರಿಸಿದ್ದ. ಕಲಿಸುವವರ ರಿಮೋಟಿನಲ್ಲಿ ಒಂದು ಗುಂಡಿ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಗ್ಲೈಡರ್ ಕಲಿಯುವವರ ಕೈಯಲ್ಲಿ. ಗುಂಡಿ ಬಿಟ್ಟರೆ ಕಲಿಸುವವರ ಕೈಗೆ ವಾಪಸ್. ವಾಪಸ್ ತೆಗೆದುಕೊಳ್ಳುವಾಗ 'ನಂದು' ಎಂದು ಕೂಗಿ ಹೇಳಬೇಕು. "ಹೇಳ್ದೆ ತಗೊಂಡ್ರೆ ಅದು ಕಳ್ಳತನ ಕಣೇ," ಎನ್ನುತ್ತಿದ್ದ. ಗ್ಲೈಡರ್ ಮೇಲಿಂದ ಕಣ್ಣು ಕೀಳಬಾರದೆಂದೂ ಹೇಳಿಕೊಟ್ಟಿದ್ದ. ಕಾಲ ಹತ್ತಿರ ಹಾವು ಹರಿದರೂ ಸರಿ, ತನ್ನ ಕೈಯನ್ನಾಗಲಿ ಪಕ್ಕದವರ ಕೈಯನ್ನಾಗಲಿ ನೋಡಬಾರದು. ತವರು ಹಳೇಬೀಡಿನ ಕೆರೆ ಏರಿಯ ಮೇಲೆ ಗಾಳಿಪಟವನ್ನೂ ಬಿಟ್ಟು ಗೊತ್ತಿರದಿದ್ದ ದ್ರಾಕ್ಷಾಯಣಿ ಇವನ್ನೆಲ್ಲ ಮಂತ್ರದ ಹಾಗೆ ಕಲಿತಳು.

ಡಾಕ್ಟರ ಹತ್ತಿರ ಹೋಗಿಬಂದ ಮೇಲೆ ಅವನೇ ಕಲಿಸುವವರ ರಿಮೋಟನ್ನು ತೆಗೆದು ಅವಳ ಕೊರಳಿಗೆ ಹಾಕಿದ. "ಅದು ನನ್ನ ಕಣ್ಣಿಗೆ ತಪ್ಪಿದ್ರೆ ನೀನು ತಗೋ. ಕೂಗಿ ತಗೋ."

ಮೊದಮೊದಲು ಸಂಜೆಗೊಮ್ಮೆ 'ನಂದು' ಎನ್ನಬೇಕಾಗುತ್ತಿತ್ತು. ಆಮೇಲೆ ಸುತ್ತಿಗೊಮ್ಮೆ. ಅವಳು ಕೂಗಿದಾಗಲೆಲ್ಲ ಅವನ ದನಿ ಒಂದಿಷ್ಟು ಇಳಿಯುತ್ತಿತ್ತು. ಹೋದ ಶ್ರಾವಣದ ಒಂದು ಮಧ್ಯಾಹ್ನ ಅವಳ ಬೆರಳು ಗುಂಡಿ ಬಿಟ್ಟಿತು, ಬಾಯಿಂದ ಮಾತು ಹೊರಡಲಿಲ್ಲ. ಗ್ಲೈಡರ್ ನೀಟಾಗಿ ತಿರುಗಿ ಎದುರಿಗೆ ಬಂತು. "ನೋಡಿದ್ಯಾ, ಹೆಂಗ್ ತಂದೆ!" ಎಂದ ಚಿದಂಬರ. ಆ ದನಿ ಕೇಳಿದ ಮೇಲೆ ಅವಳಿಂದ ಆ ಪದ ಹೇಳಲು ಆಗಲೇ ಇಲ್ಲ. ಕೊನೆಗೆ ಗುಂಡಿ ಒತ್ತುವುದನ್ನೇ ಬಿಟ್ಟಳು; ಗ್ಲೈಡರ್ ಪೂರ್ತಿ ಅವಳ ಕೈಯಲ್ಲೇ ಉಳಿಯಿತು.

ತಿರುಗಿಸುವ ಮುಂಚೆ ಬಾಯಿಬಿಟ್ಟು ಹೇಳುವುದು ಗುಡ್ಡದ ಪದ್ಧತಿ. ಹಿಂದೆ ನಾಲ್ಕೈದು ಜನ ಒಟ್ಟಿಗೆ ಹಾರಿಸುತ್ತಿದ್ದಾಗ ಡಿಕ್ಕಿಯಾಗದಿರಲೆಂದು ಮಾಡಿಕೊಂಡದ್ದು. ಇಬ್ಬರೇ ಉಳಿದರೂ ಚಿದಂಬರ ಅದನ್ನು ಬಿಟ್ಟಿರಲಿಲ್ಲ. ಅವನು "ಎಡಕ್ಕೆ" ಎಂದರೆ ಅವಳು ಎಡಕ್ಕೆ ತಿರುಗಿಸುತ್ತಿದ್ದಳು. ಜೀಪು ಓಡಿಸುವುದು, ಪೇಪರು ಓದುವುದು, ಗಿರಾಕಿಯ ಮುಖ ನೋಡಿ ಗುರುತು ಹಿಡಿಯುವುದು ಎಲ್ಲವನ್ನೂ ಬಿಟ್ಟುಕೊಟ್ಟವನಿಗೆ ಉಳಿದದ್ದು ಇದೊಂದು. ಇದೂ ಉಳಿದಿಲ್ಲವೆಂದು ಅವನಿಗೆ ಗೊತ್ತಾಗಬಾರದು. ಅವಳಿಗೆ ಬೇಕಾದದ್ದು ಅಷ್ಟೇ.

ಚಿದಂಬರ ಅಂಚಿನಲ್ಲಿ ನಿಂತು ಗಾಳಿ ಎದೆಗೆ ತಾಗುವವರೆಗೆ ಕಾದು, ಗ್ಲೈಡರನ್ನು ಎಸೆದ. ಎಸೆತ ಮಾತ್ರ ಇನ್ನೂ ಅವನದೇ.

"ಎಡಕ್ಕೆ."

ಗ್ಲೈಡರ್ ಎಡಕ್ಕೆ ವಾಲಿತು.

ಕೆಳಗೆ ಅರಸೀಕೆರೆ ಕಡೆ ಹೊರಟ ರೈಲು ಕೂಗಿತು. "ರೈಲಿನ ಜೊತೆಗೇ ಓಡಿಸ್ತೀನಿ ನೋಡು," ಎಂದ. ಅವಳು ರೈಲಿನ ಜೊತೆಗೇ ಓಡಿಸಿದಳು.

"ದ್ರಾಕ್ಷೀ, ಹೆಂಗಿದೆ ಇವತ್ತು ನನ್ನ ಕೈ?"

"ಚೆನ್ನಾಗಿದೆ ರೀ."

"ಮೊದ್ಲಿನ ಹಾಗೇ?"

"ಮೊದ್ಲಿಗಿಂತ ನಯವಾಗಿದೆ."

"ಹೌದು," ಎಂದ. "ನಯವಾಗಿದೆ. ಬಲಕ್ಕೆ."

ಅವಳು ಬಲಕ್ಕೆ ತಿರುಗಿಸಿದಳು. ಅಷ್ಟರಲ್ಲಿ ಕರಿಯಯ್ಯ ತಪ್ಪಿಸಿಕೊಂಡ ಮರಿಯೊಂದನ್ನು ಬೈಯುತ್ತ ಮೇಲೆ ಹತ್ತಿ ಬಂದವನು ಗಕ್ಕನೆ ನಿಂತ.

"ಅಲ್ಲಾ ಸಾವ್ಕಾರ್ರೇ, ಡಬ್ಬ ಬಂಡೆ ಮ್ಯಾಲೈತೆ. ನೀವು ಕೈ ಕಟ್ಕಂಡು ನಿಂತಿದೀರಿ. ಅದ್ನ ಆಡಿಸ್ತಿರೋರ್ಯಾರು, ದೆವ್ವಾನಾ?"

ದ್ರಾಕ್ಷಾಯಣಿ ಆಕಾಶದಿಂದ ಕಣ್ಣು ಕಿತ್ತು ತಿರುಗಿದಳು.

ಅವನ ರಿಮೋಟ್ ಬಂಡೆಯ ಮೇಲಿತ್ತು. ಕೊರಳಿಗೆ ಹಾಕುವ ಪಟ್ಟಿಯನ್ನು ಸುತ್ತಿ ಒಪ್ಪವಾಗಿ ಪಕ್ಕದಲ್ಲಿಟ್ಟಿದ್ದ. ಅವನು ಕೈಕಟ್ಟಿ, ತಲೆ ಒಂದು ಕಡೆ ವಾಲಿಸಿ, ಮಂಡಿಯಲ್ಲಿ ಕಾಯಿ ಅಲ್ಲಾಡಿಸುವಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದ.

"ಕಣ್ಣು ಮೇಲಿಡು," ಎಂದ. "ಬಿದ್ದೋಗುತ್ತೆ."

ಅವಳು ತಟ್ಟನೆ ಮೇಲೆ ನೋಡಿದಳು. ಗ್ಲೈಡರ್ ಮೂಗು ತಗ್ಗಿಸಿ ಇಳಿಯುತ್ತಿತ್ತು. ಎತ್ತಿ ಹಿಡಿದಳು.

"ಯಾವಾಗ್ಲಿಂದ ಗೊತ್ತು ನಿಮ್ಗೆ?"

"ಹೋದ ದಸರಾ ಹೊತ್ತಿಗೆ. ನಾನು ತಿರುಗಿಸಿದ್ರೆ ರೆಕ್ಕೆ ಬಟ್ಟೆ ಹರಿದಂಗೆ ಕೂಗುತ್ತೆ. ನೀನು ತಿರುಗಿಸಿದ್ರೆ ಸೀರೆ ಮಡಿಸಿದಂಗೆ."

"ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತಿದ್ದೆ."

ಕರಿಯಯ್ಯ ಮರಿಯನ್ನು ಎದೆಗವಚಿಕೊಂಡು ನಿಂತೇ ಇದ್ದ. ಹೋಗುವುದೋ ಇರುವುದೋ ಅವನಿಗೆ ತಿಳಿಯಲಿಲ್ಲ.

"ನಿಮ್ಗೆ ಬೇಜಾರಾಗ್ಬಾರ್ದು ಅಂತ..."

"ಗೊತ್ತು ಕಣೇ. ಎಲ್ರೂ ಅದಕ್ಕೇ ಮಾಡೋದು. ಮಂಡೀಲಿ ನಾನು ಮುಟ್ಟಿದ ಮೂಟೆನ ಆಮೇಲೆ ಇನ್ನೊಬ್ಬ ಮುಟ್ಟಿ ನೋಡ್ತಾನೆ, ನಂಗೆ ಕೇಳಲ್ಲ ಅನ್ಕೊಂಡು. ಅಪ್ಪ ಊಟಕ್ಕೆ ಕೂತ್ರೆ ನನ್ನ ಲೋಟ ಸದ್ದಿಲ್ಲದೆ ಸರಿಸ್ತಾರೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಸಿಟ್ಟಿಗಾಗಿ ಹುಡುಕಿದಳು, ಸಿಗಲಿಲ್ಲ. "ಗುಡ್ಡದ ಮೇಲೆ ಒಬ್ಳಿದ್ದಾಳೆ, ಬಿದ್ರೆ ಬಿತ್ತು ಅಂತ ಹೇಳೋಳು, ಅಂದ್ಕೊಂಡಿದ್ದೆ."

ಉತ್ತರ ಹೇಳಲು ದ್ರಾಕ್ಷಾಯಣಿ ಅವನ ಮುಖ ನೋಡಬೇಕಿತ್ತು. ನೋಡುವ ಹಾಗಿರಲಿಲ್ಲ.

"ಒಂದ್ಸಲ ಕೊಡು," ಎಂದ. "ನಿಜವಾಗ್ಲೂ ಕೊಡು."

ಬಂಡೆಯ ಮೇಲೆ ಅವನ ಕೈ ತಡಕಾಡುವ ಸದ್ದು, ಪಟ್ಟಿಯ ಕೊಂಡಿ ಸಿಕ್ಕಿಸಿಕೊಂಡ ಸದ್ದು. ಅವಳು ಎಷ್ಟೋ ತಿಂಗಳ ಮೇಲೆ ಆ ಗುಂಡಿಯನ್ನು ಒತ್ತಿದಳು.

"ನಿಮ್ದು."

ಕಣ್ಣಿ ಬಿಚ್ಚಿದ ಕರುವಿನ ಹಾಗೆ ಗ್ಲೈಡರ್ ನೆಗೆಯಿತು. ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ, ಇದ್ದಲ್ಲೇ ಗಿರ್ರನೆ ತಿರುಗಿ, ಬಟ್ಟೆ ಹರಿದ ಹಾಗೆ ಕೂಗುತ್ತ ಅವರ ತಲೆಯ ಎದುರಿಗೇ ಹಾದುಹೋಯಿತು. "ಅಬ್ಬಬ್ಬಬ್ಬಾ!" ಎಂದ ಕರಿಯಯ್ಯ. ಇನ್ನೊಂದು ಸುತ್ತು. ಮದುವೆಯ ಮೊದಲ ವರ್ಷ ಅವಳು ಬಾಯಿ ತೆರೆದು ನೋಡಿದ ಅದೇ ಸುತ್ತು. ತಾನು ಇಷ್ಟು ದಿನ ಅವನ ಹೆಸರಿನಲ್ಲಿ ಹಾರಿಸಿದ್ದು ಬೇರೆ ಯಾರದೋ ಹಾರಾಟವಾಗಿತ್ತು ಎಂದು ಅವಳಿಗೆ ಹೊಳೆದದ್ದು ಆಗಲೇ.

ಮೂರನೆಯ ಸುತ್ತಿಗೆ ಅದರ ಜಾಡು ಅವನಿಗೆ ತಪ್ಪಿತು. ಅವಳಿಗೆ ತಕ್ಷಣ ಗೊತ್ತಾಯಿತು. ಗ್ಲೈಡರ್ ನೆಟ್ಟಗೆ, ಹೇಳುವವರು ಕೇಳುವವರು ಇಲ್ಲದ ಹಾಗೆ ಬಲಕ್ಕೆ ಓಡತೊಡಗಿತು. ಗಾಳಿ ಜೋರಾಗಿತ್ತು, ಸದ್ದು ಚದುರುತ್ತಿತ್ತು. ಎಲ್ಲಿದೆ ಎಂದು ಅವನು ಕೇಳಲಿ ಎಂದು ಅವಳು ಕಾದಳು. ಅವನು ಕೇಳಲಿಲ್ಲ.

"ಬಲಕ್ಕೆ," ಎಂದ.

ಗ್ಲೈಡರ್ ಎಡಕ್ಕೆ ಓಡುತ್ತಿದ್ದರೆ ಅದು ಸರಿಯಾದ ತಿರುವು. ಈಗ ಅದು ಗುಡ್ಡದ ಬೆನ್ನಿಗೆ ಒಯ್ಯುವ ತಿರುವು. ಗ್ಲೈಡರ್ ಅವನ ಮಾತು ಕೇಳಿ ಬಲಕ್ಕೆ ವಾಲಿತು, ಅವರ ನೆತ್ತಿಯ ಕಡೆಗೆ, ಬಂಡೆಗಳ ಕಡೆಗೆ. ಅವಳ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಹೋಗಲಿ ಬಿಡು ಎಂದುಕೊಂಡಳು. ಅವನ ಕೈಯಲ್ಲೇ ಒಡೆಯಲಿ, ಅದಾದರೂ ಅವನದಾಗಿರಲಿ. ಸದ್ದಿಲ್ಲದೆ ತಗೊಂಡುಬಿಡು, ಇದೊಂದು ಸಲ, ಎಂದೂ ಅನಿಸಿತು.

"ನಂದು!" ಎಂದು ಕೂಗಿದಳು. ಗುಂಡಿ ಬಿಟ್ಟಳು.

ರೆಕ್ಕೆ ಕುರುಚಲು ಗಿಡದ ತುದಿಯನ್ನು ಸವರಿಕೊಂಡು ಎದುರುಗಾಳಿಗೆ ಹೊರಳಿತು.

"ಸರಿ," ಎಂದ ಚಿದಂಬರ.

ಕೊಂಡಿ ಬಿಚ್ಚಿದ ಸದ್ದು. ರಿಮೋಟನ್ನು ಬಂಡೆಯ ಮೇಲಿಟ್ಟ ಸದ್ದು.

"ಕರಿಯಯ್ಯ, ಕೆಳಗೆ ಹೋಗಣ ಬಾ. ಕೈ ಕೊಡು."

"ಅಮ್ಮಾವ್ರು ಬ್ಯಾಡ್ವಾ?"

"ಅವಳು ಅದನ್ನ ಇಳಿಸ್ಕೊಂಡು ಬರ್ತಾಳೆ."

ಅವಳ ಕಣ್ಣು ತುಂಬಿ ಆಕಾಶದಲ್ಲಿ ಎರಡು ಗ್ಲೈಡರ್ ಕಂಡವು. ಭುಜಕ್ಕೆ ಕಣ್ಣು ಒರೆಸಿಕೊಂಡಳು. ತಿರುಗಿ ನೋಡುವ ಹಾಗಿರಲಿಲ್ಲ. ಬೆನ್ನ ಹಿಂದೆ, ಜೀಪಿನ ದಾರಿಯಲ್ಲಿ, ಕರಿಯಯ್ಯನ ಮಾತು ಕೇಳುತ್ತಿತ್ತು: "ಇಲ್ಲಿ ಕಲ್ಲೈತೆ ಸಾಮಿ, ಕಾಲು ಎತ್ತಿಡಿ... ಹಾ... ಇಲ್ಲಿ ಮುಳ್ಳೈತೆ, ಈ ಕಡೀಕೆ ಬನ್ನಿ." ಒಂದು ಹೆಜ್ಜೆಯ ಸದ್ದು ಚುರುಕು, ಇನ್ನೊಂದು ನಿಧಾನ. ಗಾಳಿ ಅವನ್ನು ಅವಳಿಂದ ಆಚೆಗೆ ಒಯ್ದಿತು.

ಇಳಿಸುವ ಮುಂಚೆ ಇನ್ನೊಂದು ಸುತ್ತು ತೆಗೆದುಕೊಳ್ಳಬೇಕಿತ್ತು.

"ಎಡಕ್ಕೆ," ಎಂದಳು ದ್ರಾಕ್ಷಾಯಣಿ, ಗಟ್ಟಿಯಾಗಿ.