ಹುಲ್ಲಿನೊಳಗಿನ ಕಾವು

ಹೋದ ವರ್ಷ ಎದೆನೋವು ಬಂದು, ಕೃಷ್ಣಗಿರೀಲಿ ಸ್ಟೆಂಟ್ ಹಾಕುಸ್ಕೊಂಡ ಮೇಲೆ ಬಚ್ಚಪ್ಪ ಮಾತ್ರೆ ತಪ್ಪಿಸ್ದೋನೇ ಅಲ್ಲ. ಈ ಸಲ ಡಾಕ್ಟ್ರು ರಕ್ತ ಪರೀಕ್ಷೆ ನೋಡಿ, "ಕೊಬ್ಬು ಇಳಿದದೆ. ಆದ್ರೆ ರಕ್ತನಾಳದ ಗೋಡೇಲಿ ಊತ ಆರಿಲ್ಲ, ಹಿಂಗೇ ಬಿಟ್ರೆ ಮತ್ತೆ ಕಟ್ಕೊಳ್ತದೆ" ಅಂತ ಇನ್ನೊಂದು ಸಣ್ಣ ಮಾತ್ರೆ ಬರ್ಕೊಟ್ರು.

ಊರಿಗೆ ಬಂದ್ರೆ, ಅದೇ ಮಾತ್ರೆ ಪಕ್ಕದ್ಮನೆ ನಂಜಪ್ಪಂಗೂ ಗೊತ್ತು! ಅವನ ಕಾಲ್ಹೆಬ್ಬೆರಳು ಊದಿದಾಗ ಕೊಟ್ಟಿದ್ರಂತೆ.

"ಕಾಲಿನ ಮಾತ್ರೆ ಎದೆಗೆ ಕೊಟ್ಟವ್ರಲ್ಲೋ! ನಿನ್ನ ಗುಂಡಿಗೆ ಎಲ್ಲಿಗೆ ಇಳಿದದೆ ನೋಡ್ಕಳ್ಲಾ" ಅಂತ ನಂಜಪ್ಪ ನಕ್ಕಿದ್ದೇ ತಡ, ಬಚ್ಚಪ್ಪ ಮಾತ್ರೆ ಪೂರ್ತಿ ಅವಂಗೇ ಕೊಟ್ಬುಟ್ಟ.

ಭಾನುವಾರ ಮಗಳು ಶರ್ಮಿಳಾ ಬಂದ್ಳು. ಹೊಸೂರಲ್ಲಿ ನರ್ಸು. ಬಚ್ಚಪ್ಪ ಕೊಟ್ಟಿಗೇಲಿ, ನಾಕು ದಿನದ ಹಿಂದೆ ಹುಲ್ಲಲ್ಲಿ ಹಣ್ಣಿಗೆ ಹಾಕಿದ್ದ ಬಾದಾಮಿ ಮಾವಿನಕಾಯಿ ಪಕ್ಕ ಕೂತಿದ್ದ.

"ಅಪ್ಪ, ಹೊಸ ಮಾತ್ರೆ ಎಲ್ಲಿ?"

"ಅದು ಕಾಲಿಂದು ಕಣವ್ವ. ನಂಜಪ್ಪಂಗೆ ಕೊಟ್ಟೆ. ಕೊಬ್ಬು ಇಳಿದ ಮೇಲೆ ಇನ್ನೇನು?"

"ಅಯ್ಯೋ ಅಪ್ಪ! ನಾಳದ ಗೋಡೆಗೆ ಕೊಬ್ಬು ಸೇರಿದಾಗ ಮೈ ಕಾಯೋ ಕಣಗಳು ಓಡಿ ಬತ್ತವೆ. ಒಂದು ಇನ್ನೊಂದನ್ನ ಕರೀತದೆ, ಅದು ಮತ್ತೆ ನಾಕನ್ನ. ಕೊಬ್ಬು ಕಮ್ಮಿ ಆದ್ರೂ ಈ ಕರೆಯೋದು ನಿಲ್ಲಲ್ಲ. ಊದಿ ಊದಿ ಗೋಡೆ ಬಿರೀತದೆ, ಅಲ್ಲಿ ರಕ್ತ ಹೆಪ್ಪುಗಟ್ತದೆ. ಈ ಕರೆಯೋದನ್ನ ತಗ್ಗಿಸೋಕೇ ಆ ಮಾತ್ರೆ."

"ಕರೆಯೋಕೆ ಅವಕ್ಕೇನು ಬಾಯಿ ಐತಾ?"

ಶರ್ಮಿಳಾ ಮುಖ ಊದಿಸ್ಕೊಂಡು ಒಳಗೆ ಹೋದ್ಳು.

ಬಚ್ಚಪ್ಪ ಹುಲ್ಲೊಳಗೆ ಕೈ ತೂರಿಸ್ದ. ಒಂದು ಮೂಲೆ ಬಿಸಿ! ನೆನ್ನೆ ಅಲ್ಲೇ ಒಂದು ಕೊಳೆತ ಹಣ್ಣು ತೆಗೆದು ಬಿಸಾಕಿದ್ದ. ಬಿಡಿಸಿ ನೋಡ್ತಾನೆ, ಆ ಹಣ್ಣಿದ್ದ ಜಾಗದ ಅಕ್ಕಪಕ್ಕದವು ಹಣ್ಣಾಗಿ ಬಿರಿದವೆ, ಅವುಗಳ ಆಚೆಯವು ಹಳದಿಗೆ ತಿರುಗ್ಯವೆ. ಶುರು ಮಾಡಿದ್ದು ಹೋದ್ರೂ ಕಾವು ಹೋಗಿಲ್ಲ. ಇವಕ್ಕೂ ಬಾಯಿಲ್ಲ.

ಬಚ್ಚಪ್ಪ ಎದ್ದು, ಕೈ ಒರೆಸ್ಕೊಂಡು, ಸೀದಾ ನಂಜಪ್ಪನ ಜಗುಲಿಗೆ ಹೋದ.

"ನನ್ನ ಮಾತ್ರೆ ಕೊಡ್ಲಾ."

"ಕಾಲಿಂದು ಅಂದ್ಯಲ್ಲೋ!"

"ನೀನು ಅಂದೆ, ನಾನು ನಂಬ್ದೆ. ಊತ ಎಲ್ಲಾದ್ರೂ ಊತಾನೇ ಕಣ್ಲಾ. ನೀನೂ ಡಾಕ್ಟ್ರನ್ನ ಕೇಳ್ದೆ ನುಂಗ್ಬೇಡ."

ನಂಜಪ್ಪ ಗೊಣಗ್ತಾ ಮಾತ್ರೆ ತಂದ, ಕೇಳ್ದೇನೇ ಒಂದು ಚೊಂಬು ನೀರೂ ತಂದ. ಬಚ್ಚಪ್ಪ ಅಲ್ಲೇ ನುಂಗ್ದ.

"ಇನ್ನೇನ್ಲಾ ಬೇಕು?"

"ನೀನೇ ಬೇಕು, ಬಾ. ಹುಲ್ಲು ಬಿಚ್ಚಿ ಗಾಳಿಗೆ ಹರಡ್ಬೇಕು."