ಎರಡನೇ ಸರಕುಕೋಣೆಯ ಬೆಸುಗೆ

ಪತ್ರಿಕೆಯಲ್ಲಿ ಬಂದದ್ದು ಬೆರಳುದ್ದದ ಸುದ್ದಿ. ಯುದ್ಧಕಾಲದ ಸರಕು ಹಡಗು ‘ಸೈಲಸ್ ಹಾರ್ಕರ್’ ಈಗ ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿ ನಿಂತಿದೆಯಲ್ಲ, ಅದರ ಎರಡನೇ ಸರಕುಕೋಣೆಯಲ್ಲಿ ಹಳೆಯ ಬಣ್ಣ ಕೆರೆಯುವಾಗ ಒಂದು ಬೆಸುಗೆಯ ಪಕ್ಕದಲ್ಲಿ, ಬೆಸೆದವರು ತಮ್ಮ ಗುರುತಿಗೆ ಹೊಡೆಯುತ್ತಿದ್ದ ೪೧೭ ಎಂಬ ನಂಬರು ಕಂಡಿದೆ. ಐವತ್ಮೂರು ವರ್ಷದ ಹಿಂದೆ ಅದನ್ನು ಹೊಡೆದ ಕೆಲಸಗಾರರು ಬದುಕಿದ್ದರೆ ದಯವಿಟ್ಟು ಬನ್ನಿ, ನಿಮ್ಮನ್ನು ನೋಡಬೇಕು ಎಂದು ಹಡಗಿನವರು ಕೇಳಿಕೊಂಡಿದ್ದರು.

ವರ್ನಾ ಕ್ರೆಬ್ಸ್ ಕಾಫಿಯನ್ನು ಪಕ್ಕಕ್ಕಿಟ್ಟು ಅದನ್ನು ಮೂರು ಸಲ ಓದಿದಳು. ಅವಳಿಗೀಗ ಎಪ್ಪತ್ತನಾಲ್ಕು. ಗಂಡ ಡೇಲ್ ತೀರಿಕೊಂಡು ಆರು ವರ್ಷವಾಗಿತ್ತು. ಆ ನಂಬರು ಅವಳದಲ್ಲ, ಆಗ ಜೊತೆಗೆ ದುಡಿದ ಒಡೆಸ್ಸಾ ಪ್ರೂಯಿಟ್‌ಳದು. ಆದರೆ ಆ ಬೆಸುಗೆ ಮಾತ್ರ ವರ್ನಾಳದೇ.

ಹೋಗಿ ನಿಜ ಹೇಳಿ ಬಂದುಬಿಡಬೇಕು ಎಂದುಕೊಂಡೇ ಶನಿವಾರ ಬೆಳಿಗ್ಗೆ ರಿಚ್ಮಂಡಿನಿಂದ ರೈಲು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಹಡಗಿನ ಏಣಿಯ ಬುಡದಲ್ಲಿ ಲಿಂಡ್‌ಕ್ವಿಸ್ಟ್ ಎಂಬ ಬಿಳಿ ಗಡ್ಡದ ಮುದುಕ ನಿಂತಿದ್ದ. ಒಂದು ಕಾಲಕ್ಕೆ ಇಂಥದೇ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವನು, ಈಗ ಸಂಬಳವಿಲ್ಲದೆ ಇದನ್ನು ನೋಡಿಕೊಳ್ಳುತ್ತಿದ್ದ.

“ನಾಲ್ಕುನೂರ ಹದಿನೇಳರ ವಿಷಯಕ್ಕೆ ಬಂದೆ” ಎಂದಳು ವರ್ನಾ.

“ಅಯ್ಯೋ, ನೀವೇನಾ ಮೇಡಂ! ಬನ್ನಿ, ಬನ್ನಿ!” ಅವಳ ಉತ್ತರಕ್ಕೂ ಕಾಯದೆ ಆತ ಮೇಲಕ್ಕೆ ಕೂಗಿದ. “ಏಯ್, ಬಂದ್ರು ಕಣ್ರಪ್ಪಾ! ಸಿಕ್ಕಿದ್ರು!”

ಕಡಿದಾದ ಕಬ್ಬಿಣದ ಮೆಟ್ಟಿಲುಗಳಲ್ಲಿ ಅವಳನ್ನು ಕೈಹಿಡಿದು ಇಳಿಸಿದರು. ಕೆಳಗೆ ಹೊಸ ಬಣ್ಣ, ಹಳೆಯ ಎಣ್ಣೆ ಎರಡೂ ಕಲಸಿದ ವಾಸನೆ. ಲಿಂಡ್‌ಕ್ವಿಸ್ಟ್ ಅವಳ ಅಂಗೈಯನ್ನು ಮೆಲ್ಲಗೆ ತೆಗೆದು ಗೋಡೆಯ ಉಬ್ಬುಗೆರೆಯ ಮೇಲಿಟ್ಟ. ಪಕ್ಕದಲ್ಲೇ ನಂಬರು, ಉಕ್ಕಿನಲ್ಲಿ ಕೊರೆದ ಹಾಗೆ ಸ್ಪಷ್ಟವಾಗಿ.

“ಇದು ನಿಮ್ಮದೇ ತಾನೆ?”

ಸುತ್ತ ಇಪ್ಪತ್ತು ಜನ. ಎಲ್ಲರ ಮುಖದಲ್ಲೂ ನಗು. ವರ್ನಾ ಬಾಯಿ ತೆರೆದಳು. ರೈಲಿನಲ್ಲಿ ಜೋಡಿಸಿದ್ದ ಮಾತು ಒಂದೂ ಬರಲಿಲ್ಲ. ಹೌದೆಂದು ತಲೆಯಾಡಿಸಿದಳು. ಚಪ್ಪಾಳೆ ಬಿತ್ತು. ಪತ್ರಿಕೆಯ ಹುಡುಗಿ ಫೋಟೋ ತೆಗೆದಳು. ಹಡಗಿನ ಅಡುಗೆಮನೆಯಿಂದ ಬಿಸಿ ಬಿಸಿ ಸೇಬಿನ ಪೈ ಬಂತು. “ನಿಮ್ಮಂಥೋರಿಂದ ಯುದ್ಧ ಗೆದ್ವಿ ಮೇಡಂ” ಎಂದು ಯಾರೋ ಕೈಕುಲುಕಿದರು. ವರ್ನಾ ಪೈ ತಟ್ಟೆಯನ್ನು ಪಕ್ಕಕ್ಕಿಟ್ಟಳು.

ನಡೆದದ್ದು ಇಷ್ಟು. ಸಾವಿರದ ಒಂಬೈನೂರ ನಲವತ್ಮೂರರ ಮಾರ್ಚ್. ಅರ್ಕಾನ್ಸಾದಿಂದ ಬಂದ ವರ್ನಾ, ಲೂಸಿಯಾನಾದಿಂದ ಬಂದ ಒಡೆಸ್ಸಾ, ಇಬ್ಬರೂ ಕೊಲ್ಲಿಯಂಚಿನ ಹಡಗು ಕಟ್ಟುವ ಯಾರ್ಡಿನಲ್ಲಿ ಒಂದೇ ಗ್ಯಾಂಗಿನ ವೆಲ್ಡರುಗಳು. ಬಿಳಿಯರೂ ಕರಿಯರೂ ಬೇರೆ ಬೇರೆ ಕೂತು ಉಣ್ಣುತ್ತಿದ್ದ ಕಾಲ. ಆದರೂ ಇವರಿಬ್ಬರು ಒಂದೇ ಅಟ್ಟಣೆಯ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಕೆಲಸ ಮಾಡುತ್ತಿದ್ದರು. ಕೈಬರಹ ನೋಡಿ ಆಳನ್ನು ಹೇಳುವ ಹಾಗೆ ಬೆಸುಗೆಯ ಗೆರೆ ನೋಡಿ ಇಂಥವರದೇ ಎಂದು ಹೇಳುವುದನ್ನು ವರ್ನಾಳಿಗೆ ಕಲಿಸಿದವಳೇ ಒಡೆಸ್ಸಾ.

ಆವತ್ತು ಡೇಲ್ ಕಡಲಾಚೆ ಹೊರಟಿದ್ದ. ಅವನ ಸೈನಿಕರ ರೈಲು ಐದೂಕಾಲಿಗೆ ಓಕ್‌ಲ್ಯಾಂಡಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದಿತ್ತು. ವರ್ನಾಳ ಮುಂದೆ ಇನ್ನೂ ಎಂಟು ಅಡಿ ಬೆಸುಗೆ ಬಾಕಿ. ಎರಡು ಪ್ಲೇಟುಗಳ ನಡುವಿನ ಸಂದನ್ನು ಪದರ ಪದರವಾಗಿ ಕರಗಿಸಿ ತುಂಬಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅವಳು ಕರಗಿಸಬೇಕಾದ ಬೆಸುಗೆ ರಾಡುಗಳನ್ನು ಹಾಗೆಹಾಗೇ ಸಂದಿನಲ್ಲಿ ಮಲಗಿಸಿ, ಮೇಲೊಂದು ತೆಳು ಪದರ ಎಳೆದುಬಿಟ್ಟಳು. ನೋಡುವವರ ಕಣ್ಣಿಗೆ ಒಳ್ಳೆಯ ಬೆಸುಗೆ, ಒಳಗೆಲ್ಲ ಟೊಳ್ಳು. ಕೊನೆಗೆ ಒಂದಡಿ ಉಳಿಯಿತು.

“ಇದೊಂದಡಿ ನೀನು ಹಾಕಿಬಿಡೇ, ನಂಬರೂ ಹೊಡೆದುಬಿಡು. ಡೇಲ್ ಹೊರಟುಹೋಗ್ತಾನೆ” ಎಂದು ಕೈಗವಸು ಕಿತ್ತೆಸೆದು ಓಡಿದಳು.

ರೈಲು ಸಿಕ್ಕಿತು. ಕಿಟಕಿಯಿಂದ ಬಗ್ಗಿ ಡೇಲ್ ಅವಳನ್ನು ಮದುವೆಯಾಗುವೆಯಾ ಎಂದು ಕೇಳಿದ. ಮಾರನೆಯ ಬೆಳಿಗ್ಗೆ ಇನ್‌ಸ್ಪೆಕ್ಟರು ಆ ಬೆಸುಗೆಯನ್ನು ಉಳಿಯಿಂದ ಕೊರೆಸಿ ನೋಡಿದ, ಒಳಗಿನ ರಾಡುಗಳು ಸಿಕ್ಕವು. ಮೇಸ್ತ್ರಿ ಗ್ಯಾಂಗಿನ ಎಪ್ಪತ್ತು ಜನರನ್ನೂ ಸಾಲಾಗಿ ನಿಲ್ಲಿಸಿ, ಪಕ್ಕದ ನಂಬರಿನ ಪ್ರಕಾರ ಒಡೆಸ್ಸಾಳನ್ನು ಮುಂದಕ್ಕೆ ಕರೆದ. “ಕೊನೆಯ ಒಂದಡಿ ಮಾತ್ರ ನನ್ನದು” ಎಂದಳು ಆಕೆ. “ಹಾಗಾದ್ರೆ ಮಿಕ್ಕಿದ್ದು ಯಾರದೇ? ದೆವ್ವ ಬಂದು ಹಾಕ್ತಾ?” ಎಂದ ಮೇಸ್ತ್ರಿ. ಒಡೆಸ್ಸಾ ಯಾರ ಹೆಸರನ್ನೂ ಹೇಳಲಿಲ್ಲ. ಸಾಲಿನ ಕಡೆಗೆ ಒಮ್ಮೆ ನೋಡಿದಳು, ಅಷ್ಟೆ. ವರ್ನಾ ತಲೆತಗ್ಗಿಸಿ ಬೆಸುಗೆಯ ಮುಖವಾಡದ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಳು. ಬಿಗಿ ಮಾಡುವುದಕ್ಕೇನೂ ಇರಲಿಲ್ಲ.

ಒಡೆಸ್ಸಾಳನ್ನು ಆಗಲೇ ಗೇಟಿನಾಚೆ ಕಳಿಸಿದರು. ಯಾರ್ಡು ಕೊಟ್ಟಿದ್ದ ವಸತಿಯೂ ಹೋಯಿತು. ವರ್ನಾ ಮತ್ತೆ ಅವಳನ್ನು ನೋಡಲಿಲ್ಲ, ಹುಡುಕಲೂ ಇಲ್ಲ. ನಲವತ್ತೈದು ವರ್ಷ ಜೊತೆಗೆ ಬಾಳಿದ ಡೇಲನಿಗೂ ಈ ಮಾತು ಹೇಳಲಿಲ್ಲ.

ಭಾನುವಾರದ ಪತ್ರಿಕೆಯಲ್ಲಿ ಫೋಟೋ ಬಂತು. ನಂಬರಿನ ಮೇಲೆ ಕೈಯಿಟ್ಟು ನಿಂತ ಮುದುಕಿ ನಗುತ್ತಿದ್ದಳು. ವರ್ನಾ ಹಡಗಿನವರಿಗೆ ಕಾಗದ ಬರೆಯಲು ಕೂತಳು. ಎರಡು ಸಾಲು ಬರೆದು ಹರಿದಳು, ಮತ್ತೆ ಬರೆದು ಮತ್ತೆ ಹರಿದಳು. ಸೋಮವಾರ ಮಧ್ಯಾಹ್ನ ಲಿಂಡ್‌ಕ್ವಿಸ್ಟನ ಫೋನು ಬಂತು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

“ಮೇಡಂ, ಇನ್ನೊಬ್ಬರು ಫೋನ್ ಮಾಡಿದ್ರು. ಒಡೆಸ್ಸಾ ಪ್ರೂಯಿಟ್ ಅಂತೆ. ‘ನನ್ನ ನಂಬರಿನ ಮೇಲೆ ಕೈಯಿಟ್ಟುಕೊಂಡು ನಿಂತಿರೋಳು ಯಾರು ಅಂತ ನನಗೆ ಚೆನ್ನಾಗಿ ಗೊತ್ತು’ ಅಂದ್ರು.”

ವರ್ನಾ ಕುರ್ಚಿ ಎಳೆದು ಕೂತಳು. ಬದುಕಿದ್ದಾಳೆ! ಮೊದಲು ಬಂದದ್ದು ಸಂತೋಷವೇ. ಅದರ ಬೆನ್ನಿಗೇ ಭಾನುವಾರದ ಫೋಟೋ ನೆನಪಾಯಿತು.

“ಶನಿವಾರ ಬರ್ತಾರಂತೆ. ನೀವೂ ಬರಬೇಕು ಅಂದ್ರು. ಬೇರೇನೂ ಹೇಳಲಿಲ್ಲ” ಎಂದ ಲಿಂಡ್‌ಕ್ವಿಸ್ಟ್. ಆಮೇಲೆ, “ಅಲ್ಲ, ನೀವು ಆವತ್ತು ತಲೆ ಯಾಕೆ ಆಡಿಸಿದ್ರಿ?” ಎಂದ.

“ಗೊತ್ತಿಲ್ಲಪ್ಪ” ಎಂದಳು ವರ್ನಾ. ಅದೂ ಸುಳ್ಳೇ.

ಶನಿವಾರ ಒಡೆಸ್ಸಾ ಚರ್ಚಿಗೆ ಹೋಗುವವಳಂತೆ ನೇರಳೆ ಬಣ್ಣದ ಟೋಪಿ ಹಾಕಿಕೊಂಡು, ಕೋಲೂರಿಕೊಂಡು ಬಂದಳು. ಜೊತೆಗೆ ಮಗಳು ಮಾರ್ವಾ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ವರ್ನಾ ಎದ್ದು ನಿಂತಳು. ಕೈ ಚಾಚಬೇಕೋ ಬೇಡವೋ ತಿಳಿಯಲಿಲ್ಲ.

“ದಪ್ಪ ಆಗಿದ್ದೀಯ” ಎಂದಳು ಒಡೆಸ್ಸಾ. “ಮೊದಲು ಕೆಳಗೆ ಹೋಗೋಣ. ಮಾತೆಲ್ಲ ಆಮೇಲೆ.”

“ಅಮ್ಮಾ, ಆ ಮೆಟ್ಟಿಲು ನಿನ್ನ ಕೈಲಾಗಲ್ಲ” ಎಂದಳು ಮಾರ್ವಾ.

“ನೀನು ಹುಟ್ಟೋಕೆ ಮುಂಚೆ ಇಂಥವನ್ನ ದಿನಕ್ಕೆ ಮೂವತ್ತು ಸಲ ಹತ್ತಿಳಿದಿದ್ದೀನಿ. ಸುಮ್ಮನಿರೇ.”

ಮೆಟ್ಟಿಲಿಗೆ ಮುಖ ಮಾಡಿ, ಒಂದೊಂದೇ ಹೆಜ್ಜೆ ತಡವಿ ಇಳಿದಳು. ಕೆಳಗೆ ಬಂದು ಕನ್ನಡಕ ಏರಿಸಿ, ಲಿಂಡ್‌ಕ್ವಿಸ್ಟನ ಕೈಯಿಂದ ಟಾರ್ಚು ಇಸಿದುಕೊಂಡು ಬೆಸುಗೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ತುಂಬ ಹೊತ್ತು ನೋಡಿದಳು.

“ಇದು ನನ್ನದೂ ಅಲ್ಲ, ನಿನ್ನದೂ ಅಲ್ಲ” ಎಂದಳು. “ಎಲ್ಲ ಕಿತ್ತು ಮತ್ತೆ ಹಾಕಿದ್ದಾರೆ. ನೋಡು, ಗೆರೆಯ ಅಲೆ ಎಷ್ಟು ಸಮವಾಗಿದೆ. ಇಷ್ಟು ಚೆನ್ನಾಗಿ ನಿನಗೆಲ್ಲಿ ಬರ್ತಿತ್ತು? ನಂಬರೊಂದನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.”

“ಒಡೆಸ್ಸಾ, ನಾನು ಆವತ್ತು...”

“ರಾಡು ಮಲಗಿಸಿದ್ದೆ. ನನಗೆ ಗೊತ್ತು. ಕೊನೆಯ ಅಡಿ ಹಾಕೋವಾಗಲೇ ಒಂದು ರಾಡಿನ ತುದಿ ಕಾಣಿಸ್ತು. ಬೆಳಿಗ್ಗೆ ಬೇಗ ಬಂದು ಇಬ್ಬರೂ ಕಿತ್ತು ಸರಿ ಮಾಡೋಣ ಅಂದ್ಕೊಂಡೆ. ನಂಬರ್ ಹೊಡೆಯದೆ ಮೇಸ್ತ್ರಿ ಮನೆಗೆ ಬಿಡ್ತಿರಲಿಲ್ಲ, ಹೊಡೆದೆ. ಇನ್‌ಸ್ಪೆಕ್ಟರು ನನಗಿಂತ ಬೇಗ ಬಂದ.”

ವರ್ನಾಳಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಹೊತ್ತದ್ದು ಏನೂ ಅರಿಯದ ಗೆಳತಿಗೆ ಮಾಡಿದ ಮೋಸವನ್ನು. ತಾನು ಕೈಬಿಟ್ಟದ್ದು ಎಲ್ಲ ತಿಳಿದೂ ತನ್ನನ್ನು ಕಾಯಲು ಹೊರಟವಳನ್ನು ಎಂದು ಈಗ ಗೊತ್ತಾಯಿತು.

“ಹಾಗಾದ್ರೆ ಅಲ್ಲೇ ನನ್ನ ಹೆಸರು ಯಾಕೆ ಹೇಳಲಿಲ್ಲ?” ಎಂದಳು.

“ಬಿಳೀ ಹುಡುಗಿ ಮೇಲೆ ನಾನು ದೂರು ಹೇಳಿದ್ರೆ ಆ ಮೇಸ್ತ್ರಿ ನಂಬ್ತಿದ್ನಾ? ಸುಳ್ಳಿ ಅಂತ ಇನ್ನೊಂದು ಹೆಸರು ಬರ್ತಿತ್ತು. ಅದು ನಿನ್ನ ಬಾಯಿಂದಲೇ ಬರಬೇಕಿತ್ತು ವರ್ನಾ. ಬಂದೇ ಬರುತ್ತೆ ಅಂದ್ಕೊಂಡೆ. ಗೇಟಿನ ಹೊರಗೆ ಊಟದ ಡಬ್ಬಿ ಹಿಡ್ಕೊಂಡು ಮಧ್ಯಾಹ್ನದ ಸೈರನ್ ಆಗೋವರೆಗೂ ನಿಂತಿದ್ದೆ.”

ಒಡೆಸ್ಸಾ ಟಾರ್ಚು ಆರಿಸಿದಳು. ಹಡಗಿನ ಹೊರಮೈಗೆ ನೀರು ಬಡಿಯುವ ಸದ್ದು ಕೇಳಿಸುತ್ತಿತ್ತು.

“ಆಮೇಲೆ ಹಣ್ಣಿನ ಡಬ್ಬಿ ಕಾರ್ಖಾನೆಗೆ ಸೇರಿದೆ. ಇಪ್ಪತ್ತೆಂಟು ವರ್ಷ ಪೀಚ್ ಹಣ್ಣಿನ ಬೀಜ ತೆಗೆದೆ. ಹಸಿವಿನಿಂದೇನೂ ಸಾಯಲಿಲ್ಲ. ಆದರೆ ಈ ಕೆಲಸ ನನಗೆ ಚೆನ್ನಾಗಿ ಬರ್ತಿತ್ತು ಕಣೇ. ಇಷ್ಟು ಚೆನ್ನಾಗಿ ನನಗೆ ಇನ್ನೇನೂ ಬರಲಿಲ್ಲ. ಮತ್ತೆ ಯಾರೂ ನನ್ನ ಕೈಗೆ ಅದನ್ನ ಕೊಡಲಿಲ್ಲ.”

“ಕ್ಷಮಿಸು” ಎಂದಳು ವರ್ನಾ. ಎಷ್ಟು ಸಣ್ಣ ಮಾತು ಎಂದು ಅವಳಿಗೇ ನಾಚಿಕೆಯಾಯಿತು.

“ಇಲ್ಲಿ ಗುಸುಗುಸು ಅನ್ನಬೇಡ. ನನ್ನನ್ನು ಎಪ್ಪತ್ತು ಜನರ ಮುಂದೆ ನಿಲ್ಲಿಸಿದ್ರು. ಮೇಲೆ ಎಷ್ಟು ಜನ ಇದ್ದಾರೆ ಸ್ವಾಮಿ?” ಎಂದು ಲಿಂಡ್‌ಕ್ವಿಸ್ಟನನ್ನು ಕೇಳಿದಳು.

“ನಲವತ್ತು ಇರಬಹುದಮ್ಮ.”

“ಸಾಕು. ಕರೀರಿ.”

ಜನ ಬಂದು ಸುತ್ತ ನಿಂತರು. ಕ್ಯಾಮೆರಾ ಹಿಡಿದ ಪ್ರವಾಸಿಗರು, ಹೆಗಲ ಮೇಲೆ ಮಗುವನ್ನು ಹೊತ್ತ ಅಪ್ಪ, ಹಳೆಯ ನಾವಿಕರ ಟೋಪಿಯ ಇಬ್ಬರು ಮುದುಕರು. ಹೋದ ವಾರ ಚಪ್ಪಾಳೆ ತಟ್ಟಿದ ಕೆಲಸದವರೂ ಅಲ್ಲಿದ್ದರು. ಒಡೆಸ್ಸಾ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಕೋಲಿನ ಮೇಲೆ ಕೈಗಳನ್ನಿಟ್ಟುಕೊಂಡಳು. ವರ್ನಾ ಮಾತಾಡಿದಳು. ಮೊದಲು ಹೆಸರು ಹೇಳಿದಳು, ಆಮೇಲೆ ರಾಡಿನ ವಿಷಯ, ರೈಲಿನ ವಿಷಯ. ಮಧ್ಯೆ ಒಮ್ಮೆ ಕೆಮ್ಮು ಬಂತು. ಯಾರೂ ನೀರು ಕೊಡಲಿಲ್ಲ, ಅವಳೂ ಕೇಳಲಿಲ್ಲ.

“ಅವತ್ತು ಮಂಗಳವಾರ, ಮೇಸ್ತ್ರಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ...”

“ಬುಧವಾರ” ಎಂದಳು ಒಡೆಸ್ಸಾ.

“ಬುಧವಾರ. ಒಡೆಸ್ಸಾ ಪ್ರೂಯಿಟ್ ನಮ್ಮ ಸಾಲಿನ ಕಡೆ ನೋಡಿದಳು. ನಾನು ಅಲ್ಲೇ ಇದ್ದೆ, ನನಗೆ ಕಾಣಿಸ್ತು. ನಾನು ತಲೆ ತಗ್ಗಿಸಿದೆ. ಹೋದ ಶನಿವಾರ ಇದೇ ಜಾಗದಲ್ಲಿ ಇವರು ಕೇಳಿದಾಗಲೂ ನಿಜ ಹೇಳದೆ ತಲೆಯಾಡಿಸಿದೆ.”

ಹೋದ ವಾರ ಅವಳ ಕೈಕುಲುಕಿದವನು ಬೇರೆ ಕಡೆ ಮುಖ ತಿರುಗಿಸಿದ. ಮಾರ್ವಾ ಮಾತ್ರ ಕಣ್ಣು ಕೀಳದೆ ವರ್ನಾಳನ್ನೇ ನೋಡುತ್ತಿದ್ದಳು. ತನ್ನ ಮನೆಯಲ್ಲಿ ಎಂದೂ ಯಾರೂ ಹೇಳದ ಕತೆಯನ್ನು ಅವಳು ಈಗ ಮೊದಲ ಸಲ ಕೇಳುತ್ತಿದ್ದಳು. ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಮೇಲೆ ಹತ್ತಿಹೋದರು.

ಗೋಡೆಗೆ ಹಾಕುವ ಫಲಕದಲ್ಲಿ ಏನು ಬರೆಯಲಿ ಎಂದು ಲಿಂಡ್‌ಕ್ವಿಸ್ಟ್ ಕೇಳಿದ. “ನನ್ನ ಹೆಸರು ಬರೀರಿ. ಒಳ್ಳೇ ವೆಲ್ಡರ್ ಅಂತ ಬರೀರಿ. ಅದು ನಿಜ” ಎಂದಳು ಒಡೆಸ್ಸಾ. ಆಮೇಲೆ ಮಗಳ ತೋಳು ಹಿಡಿದು ಎದ್ದಳು. ವರ್ನಾ ಮತ್ತೆ ಕ್ಷಮೆಯ ಮಾತು ಹೇಳಲು ಹೋದಾಗ ಕೈ ಎತ್ತಿ ತಡೆದಳು.

“ಇವತ್ತು ಹೇಳಿದ್ದು ಇವರಿಗಾಯ್ತು. ನನಗೆ ಹೇಳೋದಿದ್ರೆ ಮುಂದಿನ ವಾರ ಮನೆಗೆ ಬಾ. ಜೋರಾಗಿ ಮಾತಾಡು, ಎಡಗಿವಿ ಕೇಳಲ್ಲ. ಕ್ಷಮಿಸ್ತೀನಿ ಅಂತ ಮಾತ್ರ ಲೆಕ್ಕ ಹಾಕ್ಕೊಂಡು ಬರಬೇಡ. ನನಗೇ ಇನ್ನೂ ಗೊತ್ತಿಲ್ಲ.”

ವಾಪಸು ರೈಲಿನಲ್ಲಿ ವರ್ನಾ ಕಿಟಕಿಯ ಪಕ್ಕ ಕೂತಳು. ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಊಟದ ಡಬ್ಬಿ ಹಿಡಿದು ಗೇಟಿನಾಚೆ ನಿಂತ ಇಪ್ಪತ್ತೈದರ ಹೆಂಗಸು ಕಣ್ಣೆದುರು ಬಂದು ನಿಂತಳು, ಮನೆ ಸೇರುವವರೆಗೂ ಹೋಗಲಿಲ್ಲ. ಮಂಗಳವಾರ ಅವಳು ಒಡೆಸ್ಸಾಳ ಮನೆಯ ವಿಳಾಸ ಕೇಳಿ ಲಿಂಡ್‌ಕ್ವಿಸ್ಟನಿಗೆ ಫೋನು ಮಾಡಿದಳು. ಬುಧವಾರ ಹೋಗಿ ಬಾಗಿಲು ತಟ್ಟಿದಳು.