ಬಸವಣ್ಣೆವ್ವನ ಬೆಳಕಿನ ಪಿಕ್ಚರು

ಬಸವಣ್ಣೆವ್ವ ಸಿನಿಮಾ ನೋಡಲು ಕೂತರೆ ಪರದೆ ಅವಳ ಬಲ ಹೆಗಲಿಗೆ ಬರುತ್ತಿತ್ತು. ಒಂದು ಕಾಲನ್ನು ಕುರ್ಚಿಯ ಮೇಲೆ ಮಡಚಿ, ಇನ್ನೊಂದನ್ನು ನಡುದಾರಿಗೆ ಇಳಿಬಿಟ್ಟು, ಇಳಕಲ್ ಸೀರೆಯ ಮೇಲೆ ಗಂಡನ ಹಳೆಯ ಕರಿ ಕೋಟು ತೊಟ್ಟು, ಕಟ್ಟೆಯ ಮೇಲೆ ಕೂತು ಓಣಿಯ ಮಂದಿಯನ್ನು ನೋಡುವ ಹೆಣ್ಣುಮಗಳ ಹಾಗೆ ಆಕೆ ಹಿಂದಿನ ಸಾಲುಗಳತ್ತ ಮುಖ ಮಾಡಿ ಕೂಡುತ್ತಿದ್ದಳು. ನಾಯಕ ಬಡಿದಾಡಲಿ, ನಾಯಕಿ ಬಾವಿಗೆ ಹಾರಲಿ, ಹೊರಳಿ ನೋಡುವವಳಲ್ಲ. ಮಾತು ಕಿವಿಗೆ ಬಿದ್ದರೆ ಸಾಕು. ಹೂಂಗುಟ್ಟುವಲ್ಲಿ ಹೂಂಗುಟ್ಟುವಳು, ಅತ್ತೆಯ ಪಾತ್ರದವಳನ್ನು ಬೈಯುವಲ್ಲಿ ಬೈಯುವಳು, ಸಾವಿನ ದೃಶ್ಯ ಬಂದಾಗ ಕೋಟಿನ ಜೇಬಿನಿಂದ ಪುಠಾಣಿ ಬೆಲ್ಲ ತೆಗೆದು ಅಕ್ಕಪಕ್ಕದವರಿಗೆ ಹಂಚುವಳು. ಮಧ್ಯಂತರದಲ್ಲಿ ದೀಪ ಹತ್ತಿದಾಗ ಮಾತ್ರ ಸರಿಯಾಗಿ ತಿರುಗಿ ಕೂತು, ಏನೂ ಇಲ್ಲದ ಬರಿಯ ಪರದೆಯನ್ನು ಎವೆಯಿಕ್ಕದೆ ನೋಡುವಳು. ಆಕೆಗೆ ಕುತ್ತಿಗೆ ಹಿಡಿದಿದೆ ಎಂದು ಕೆಲವರು, ಬೆಳಕಿಗೆ ಕಣ್ಣಲ್ಲಿ ನೀರಿಳಿಯುತ್ತದೆ ಎಂದು ಕೆಲವರು, ಮಂದಿಯ ಮನೆಸುದ್ದಿ ಹೆಕ್ಕಲು ಈ ಉಪಾಯ ಎಂದು ಉಳಿದವರು ಹೇಳುತ್ತಿದ್ದರು. ಮೂರರಲ್ಲಿ ಒಂದನ್ನೂ ಆಕೆ ಅಲ್ಲಗಳೆಯಲಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಕಲ್ಯಾಣ, ಡೊಂಬಿವಲಿ, ಠಾಣೆಯ ಕನ್ನಡಿಗರಿಗೆಲ್ಲ ಕನ್ನಡ ಸಿನಿಮಾ ಎಂದರೆ ತಿಂಗಳಿಗೊಂದು ರವಿವಾರದ ಬೆಳಗಿನ ಆಟ. ನಮ್ಮ ಸಂಘದವರು ಕಲ್ಯಾಣದ ಥಿಯೇಟರನ್ನು ಬಾಡಿಗೆಗೆ ಹಿಡಿಯುವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ತಗಡಿನ ಡಬ್ಬಿಗಳಲ್ಲಿ ರೀಲು ಬರುವುದು. ಮಧ್ಯಾಹ್ನ ಹಿಂದಿ ಸಿನಿಮಾದ ಮಂದಿ ಬಂದು ಬಾಗಿಲು ಬಡಿಯುವುದರೊಳಗೆ ನಮ್ಮ ನಗುವೂ ಅಳುವೂ ಮುಗಿದಿರಬೇಕು. ಡಬ್ಬಿಗಳು ಅಂದೇ ಮುಂದಿನ ಊರಿಗೆ ಹೋಗುತ್ತಿದ್ದವು. ತಪ್ಪಿಸಿಕೊಂಡವರಿಗೆ ಆ ಸಿನಿಮಾ ಈ ಜನ್ಮದಲ್ಲಿ ಮತ್ತೆ ಸಿಗುವ ಭರವಸೆ ಇರಲಿಲ್ಲ. ಮುಂದಿನ ಸಾಲುಗಳಲ್ಲಿ ನಮ್ಮ ಬಾಗಲಕೋಟೆ, ಗದಗು, ವಿಜಾಪುರದ ಕಡೆಯ ಬಟ್ಟೆ ವ್ಯಾಪಾರಸ್ಥರು, ನೌಕರಿಯವರು. ಹಿಂದಿನ ಸಾಲುಗಳು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರದು. ಬೆಳಗಿನ ಇಡ್ಲಿಯ ಗಿರಾಕಿ ಮುಗಿಸಿ ಅವರು ಬರುವಾಗ ಕಥೆ ಒಂದಿಷ್ಟು ದಾರಿ ನಡೆದಿರುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂಡಬೇಕಾದ್ದರಿಂದ ಕಥೆ ಮುಗಿಯುವ ಮೊದಲೇ ಎದ್ದೂ ಹೋಗುತ್ತಿದ್ದರು.

ಯುಗಾದಿಯ ದಿನ ಸಂಘದ ಕೋಣೆಯಲ್ಲಿ ಬೇವುಬೆಲ್ಲ ಹಂಚಿದ ಮೇಲೆ, ಹೋದ ವರ್ಷ ನೋಡಿದ್ದರಲ್ಲಿ ಯಾವ ಪಿಕ್ಚರು ಮನಸ್ಸಿಗೆ ಬಂತೆಂದು ಒಬ್ಬೊಬ್ಬರೂ ಹೇಳಬೇಕು. ಕೇಳುವವನು ಕಾರ್ಯದರ್ಶಿ ಶಂಕರೆಪ್ಪ, ಬ್ಯಾಂಕಿನ ನೌಕರ, ಬಹುಮಾನ ಬಂದ ಸಿನಿಮಾಗಳ ಭಕ್ತ. ಎಲ್ಲರೂ ಕಾಯುತ್ತಿದ್ದದ್ದು ಬಸವಣ್ಣೆವ್ವನ ಮಾತಿಗೆ.

"ಆ ಕೋರ್ಟಿನ ಪಿಕ್ಚರ್," ಎಂದಿದ್ದಳು ಒಂದು ವರ್ಷ.

"ಅಯ್ಯ ಯಕ್ಕಾ, ಅದರಾಗ ಏನೈತ್ರಿ? ಮೊದಲಿಂದ ಕಡೀತನಕ ಬರೇ ವಾದಾ ಮಾಡ್ತಾರ," ಎಂದ ಶಂಕರೆಪ್ಪ.

"ಮಾಡ್ಲಿ ಬಿಡೋ. ಗ್ವಾಡಿಗೆ ಸುಣ್ಣಾ ಎಷ್ಟ ಬೆಳ್ಳಗ ಹಚ್ಚಿದ್ರು! ಕಿಡಕಿ ನೋಡಿದ್ರ ಬಾಗಿಲದಷ್ಟು ಇದ್ದೂ."

"ಪಿಕ್ಚರ್ ನೋಡಾಕ ಹೋಗಿದ್ರೋ, ಬಾಡಿಗೀ ಮನಿ ಹುಡುಕಾಕ ಹೋಗಿದ್ರೋ?" ಎಂದು ಯಾರೋ ಕೇಳಿದರು. "ಅಲ್ಲಾ, ನೀವು ಆ ಕಡೆ ಹೊಳ್ಳಿ ನೋಡೂದ ಇಲ್ಲ. ಗ್ವಾಡಿ ಬೆಳ್ಳಗಿದ್ದದ್ದು ಹೆಂಗ ಗೊತ್ತಾತ್ರಿ?"

"ಗ್ವಾಡಿ ಬೆಳ್ಳಗಿದ್ರ ಮಂದೀ ಮಾರಿ ಮ್ಯಾಲೆ ಕಾಣತೈತಿ," ಎಂದಳು ಬಸವಣ್ಣೆವ್ವ. ಕೋಣೆಯೆಲ್ಲ ನಕ್ಕಿತು. ಆಕೆಯ ಗಂಡ ಮಹಾದೇವಪ್ಪ ನಗಲಿಲ್ಲ. ಅವನನ್ನು ಕೇಳಿದರೆ ಪ್ರತಿವರ್ಷದ ಉತ್ತರ ಒಂದೇ: "ನನಗ ಥೇಟರ್‌ದಾಗ ನಿದ್ದಿ ಬರತೈತಿ."

ಆ ಮಂದಿಯ ಮುಖಗಳಲ್ಲಿ ಬಸವಣ್ಣೆವ್ವನಿಗೆ ಬೇಕಾಗಿದ್ದದ್ದು ಒಂದೇ ಮುಖ. ವಿಮಲಾ ಆಕೆಯ ಒಬ್ಬಳೇ ಮಗಳು. ಠಾಣೆಯ ಕಂಪನಿಯೊಂದರಲ್ಲಿ ಟೈಪು ಮಾಡಲು ಹೋಗುತ್ತಿದ್ದವಳು, ಅಲ್ಲಿಯದೇ ಕೋಪರಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಮೋಹನದಾಸನನ್ನು ರಿಜಿಸ್ಟರ್ ಮದುವೆಯಾದಳು. ಜಾತಿ ಬೇರೆ, ಮನೆಮಾತು ತುಳು, ತಾಟಿನಲ್ಲಿ ಮೀನು. ಮಹಾದೇವಪ್ಪ ಅನ್ನ ನೀರು ಬಿಟ್ಟು ಕಲ್ಯಾಣದ ತನ್ನ ಬಟ್ಟೆಯಂಗಡಿಯ ಗಾದಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಎಬ್ಬಿಸಲು ಹೋದ ಹೆಂಡತಿಯ ಕೈಯನ್ನು ಅವಳ ಕೊರಳ ಲಿಂಗದ ಮೇಲೆ ಇಡಿಸಿ ಎರಡು ಮಾತು ತೆಗೆದುಕೊಂಡ ಮೇಲೆಯೇ ಅವನು ಎದ್ದದ್ದು: ಮಗಳ ಹೊಸ್ತಿಲು ತುಳಿಯಬಾರದು, ಮಗಳ ಕೂಡ ಮಾತಾಡಬಾರದು. ನೋಡಬಾರದು ಎಂದು ಅವನು ಹೇಳಿರಲಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ, ಬಸವಣ್ಣೆವ್ವ ಕೇಳಲು ಹೋಗಲಿಲ್ಲ.

ಕಲ್ಯಾಣದಿಂದ ಠಾಣೆಗೆ ದೂರವೇನು? ಡೊಂಬಿವಲಿ, ದಿವಾ ದಾಟಿ ಮುಂಬ್ರಾದ ಗುಡ್ಡ ಹಿಂದೆ ಬಿದ್ದರೆ ಠಾಣೆ ಬಂದೇಬಿಟ್ಟಿತು. ಅಂಗಡಿಗೆ ಬುತ್ತಿ ಒಯ್ಯುವಾಗ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು, ಆ ಕಡೆಗೆ ಹೊರಟ ಲೋಕಲಿನ ಕಡೆಯ ಡಬ್ಬಿ ಮರೆಯಾಗುವವರೆಗೆ ನೋಡಿ, ಆಮೇಲೆ ಮೆಟ್ಟಿಲಿಳಿಯುವುದು ಆಕೆಗೆ ರೂಢಿಯಾಗಿತ್ತು. ಕೊಟ್ಟ ಮಾತನ್ನು ಮುರಿಯುವ ಹೆಂಗಸಲ್ಲ. ಆದರೆ ಮುರಿಯದ ಮಾತಿನೊಳಗೆ ಎಷ್ಟು ಜಾಗವಿದೆ ಎಂದು ಕೈಯಾಡಿಸಿ ನೋಡುವ ಹೆಂಗಸು. ಮಗಳು ಗಂಡ, ಅತ್ತೆಯರ ಜೊತೆ ಬೆಳಗಿನ ಆಟಕ್ಕೆ ಬರುತ್ತಾಳೆಂದು ತಿಳಿದ ತಿಂಗಳೇ ಆಕೆ ಸಿನಿಮಾ ಹುಚ್ಚಿನವಳಾದಳು. ಕತ್ತಲಲ್ಲಿ ನೋಡಬಹುದಿತ್ತು. ದೀಪ ಹತ್ತಿದಾಗ ಆಗದು. ಆಗ ಮಗಳೂ ನೋಡುತ್ತಾಳೆ, ಕಣ್ಣಿಗೆ ಕಣ್ಣು ಕೂಡಿದರೆ ಬಾಯಿ ತಡೆಯುವುದಿಲ್ಲ. ಅದಕ್ಕೇ ಮಧ್ಯಂತರದಲ್ಲಿ ಆ ಬರಿಯ ಪರದೆಯ ಧ್ಯಾನ.

ಹೀಗಾಗಿ ಸಿನಿಮಾ ಅಳೆಯಲು ಬಸವಣ್ಣೆವ್ವನದು ಬೇರೆಯೇ ಕೋಲು. ಹಗಲಿನ ದೃಶ್ಯ ಇದ್ದಷ್ಟೂ ಒಳ್ಳೆಯ ಸಿನಿಮಾ. ದೆವ್ವದ್ದು, ಕಳ್ಳರದ್ದು ಬೇಡ. ಕಪ್ಪು ಬಿಳುಪು ಮೇಲು, ಬಣ್ಣದ್ದು ಮೋಸ. ನಾನು ಹೇಳಹೊರಟ ವರ್ಷ ಮೊದಲು ಬಂದ ಬಣ್ಣದ ದೇವರ ಸಿನಿಮಾಕ್ಕೆ ಜನ ಚಪ್ಪಲಿ ಬಿಟ್ಟು ಕೈಮುಗಿದರೆ, ಈಕೆ ಗೊಣಗಿದಳು: "ದೇವರು ಬಂದಾಗ ಒಮ್ಮೆ ಹಸರ, ಒಮ್ಮೆ ನೀಲಿ. ಮಂದೀ ಮಾರಿ ಕಾಮಾಲಿ ಹಿಡಿದಂಗ ಕಾಣಸ್ತಾವು. ಆರಾಮ ಅದಾರೋ ಇಲ್ಲೋ ಹೆಂಗ ತಿಳೀಬೇಕು?"

ಆಷಾಢದಲ್ಲಿ ಬಂದದ್ದು ಶಾಲೆ ಮಾಸ್ತರನ ಕಥೆ. ಕಪ್ಪು ಬಿಳುಪು, ಬಟಾಬಯಲಿನ ಶಾಲೆ, ತಲೆಯ ಮೇಲೆ ಸೂರ್ಯ. ಮಾಸ್ತರ ಲೆಕ್ಕ ಹೇಳಿಕೊಡುತ್ತಿದ್ದಾಗ ವಿಮಲಾ ಸೆರಗನ್ನು ಬಾಯಿಗೆ ಒತ್ತಿ ಎದ್ದು ಹೊರಗೆ ಹೋದಳು. ಹಿಂದೆಯೇ ಅತ್ತೆ ಅಕ್ಕು ಹೋದಳು. ಮಗಳು ಬಂದು ಕೂತ ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು. ಬಸವಣ್ಣೆವ್ವ ಬೆಲ್ಲ ತೆಗೆಯಲು ಜೇಬಿಗೆ ಹಾಕಿದ್ದ ಕೈ ಜೇಬಿನಲ್ಲೇ ಉಳಿಯಿತು. ಅಂದು ಮಾಸ್ತರ ಸತ್ತದ್ದಕ್ಕೆ ಯಾರಿಗೂ ಬೆಲ್ಲ ಸಿಗಲಿಲ್ಲ.

ಚೊಚ್ಚಲ ಬಸಿರು. ನಮ್ಮ ಕಡೆ ಏಳನೆಯ ತಿಂಗಳಲ್ಲಿ ತವರಿನವರು ಹೋಗಿ ಕುಬಸದ ಸೀಮಂತ ಮಾಡಬೇಕು: ಹಸಿರು ಕುಬಸ, ಹಸಿರು ಬಳೆ, ಸೆರಗಿನ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಬೆಲ್ಲದ ಉಡಿ. ತವರಿನ ಉಡಿ ಕಾಣದೆ ಹೆತ್ತವಳು ಎನ್ನಿಸಿಕೊಳ್ಳುವುದು ಹೆಣ್ಣುಮಗಳಿಗೆ ಬೈಗುಳಕ್ಕಿಂತ ಕೀಳು. ಹೊಸ್ತಿಲು ತುಳಿಯುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ಆದರೆ ಉಡಿ ತುಂಬಲು ಬಾಯಿ ಏತಕ್ಕೆ ಬೇಕು? ಥಿಯೇಟರಿನ ಹೊಸ್ತಿಲು ಯಾರಪ್ಪನದು? ದಿನ ತುಂಬಿದರೆ ಮಗಳು ಲೋಕಲಿನ ನೂಕುನುಗ್ಗಲಲ್ಲಿ ಬರಲಾರಳು. ಅದಕ್ಕೆ ಮೊದಲು ಒಂದು ರವಿವಾರ ಬೇಕಿತ್ತು.

ಶ್ರಾವಣದಲ್ಲಿ ಶಂಕರೆಪ್ಪ ಹೆಮ್ಮೆಯಿಂದ ತಂದದ್ದು ಬಹುಮಾನದ ಸಿನಿಮಾ. ಹಳೆಯ ಮನೆ, ಅದರಲ್ಲೊಂದು ಕಂದೀಲು. ಆ ಕಂದೀಲಿನ ಬೆಳಕಿಗಿಂತ ಹೆಚ್ಚಿಗೆ ಒಂದು ಹನಿ ಬೆಳಕನ್ನೂ ಆ ನಿರ್ದೇಶಕ ಚೆಲ್ಲಿರಲಿಲ್ಲ. ಓದಿದವರು ತಲೆದೂಗಿದರು. ಬಸವಣ್ಣೆವ್ವನ ಮುಂದೆ ಹಿಂದಿನ ಸಾಲುಗಳು ಕರಿ ಕಂಬಳಿ ಹೊದ್ದು ಕೂತಿದ್ದವು. ಮಗಳು ಬಂದಿದ್ದಾಳೋ ಇಲ್ಲವೋ ಅದೂ ತಿಳಿಯಲಿಲ್ಲ. ಭಾದ್ರಪದದಲ್ಲಿ ರೀಲಿನ ಡಬ್ಬಿಗಳು ದಾರಿಯಲ್ಲಿಯೇ ಉಳಿದು ಆಟವೇ ರದ್ದಾಯಿತು. ಮುಂದಿನ ತಿಂಗಳು ದಸರೆಗೆಂದು ಅರ್ಧ ಸಂಘ ಊರಿಗೆ ಹೋಗಿ, ಆಗಲೂ ಆಟವಿಲ್ಲ. ದೀಪಾವಳಿ ಮುಗಿದ ಮರುದಿನವೇ ಆಕೆ ಶಂಕರೆಪ್ಪನ ಮನೆಗೆ ಹೋಗಿ ಕೂತಳು.

"ತಮ್ಮಾ, ಈ ಸಲ ಬೆಳಕಿನ ಪಿಕ್ಚರ್ ತರಸೋ."

"ಬೆಳಕಿನ ಪಿಕ್ಚರ್ ಅಂದ್ರ ಎಂಥಾದ್ರಿ ಯಕ್ಕಾ?"

"ಹಗಲ ಭಾಳ ಇರಬೇಕು. ಕಥೀ ಹೆಂಗರೆ ಇರವಲ್ದ್ಯಾಕ."

ಶಂಕರೆಪ್ಪ ನಗಬೇಕೆಂದಿದ್ದ, ಆಕೆಯ ಮುಖ ನೋಡಿ ನಗಲಿಲ್ಲ. ಕಾರಣ ಕೇಳಲೂ ಇಲ್ಲ. ಹುಬ್ಬಳ್ಳಿಗೆ ಟ್ರಂಕಾಲ್ ಮಾಡಿ, ಬಯಲಿನಲ್ಲಿ ತೆಗೆದದ್ದು ಯಾವುದಿದ್ದರೂ ಕಳಿಸಿರೆಂದ.

ಆ ವಾರ ಆಕೆ ಗಂಡನ ಅಂಗಡಿಗೆ ಹೋಗಿ ಕುಬಸಕ್ಕೆಂದು ಹಸಿರು ಗುಳೇದಗುಡ್ಡದ ಖಣವೊಂದನ್ನು ಎತ್ತಿಕೊಂಡಳು.

"ಯಾರಿಗದು?" ಮಹಾದೇವಪ್ಪ ಗಜಕೋಲಿನಿಂದ ಕಣ್ಣೆತ್ತದೆ ಕೇಳಿದ.

"ಒಬ್ಬಾಕಿ ಬಸರಿಗೆ."

"ಗಿರಾಕಿ ಏನು?"

"ಹೂಂ ಅನ್ನರಿ."

ಅವನು ಅದನ್ನು ಆಕೆಯ ಕೈಯಿಂದ ಇಸಿದುಕೊಂಡು ಮಡಚಿ ಒಳಗಿಟ್ಟ. ಆಕೆ ನಿಂತೇ ಇದ್ದಳು. ಅವನು ಏಣಿ ಹಾಕಿ ಮೇಲಿನ ಹಲಗೆಯಿಂದ ಬೇರೊಂದು ಹಸಿರು ಖಣ ತೆಗೆದು ಮುಂದಿಟ್ಟ. "ಅದು ತೊಳದ್ರ ಬಣ್ಣ ಬಿಡತೈತಿ," ಎಂದಷ್ಟೇ ಹೇಳಿದ.

ರವಿವಾರ ಬಂದದ್ದು ಉಪ್ಪಿನ ಗದ್ದೆಗಳಲ್ಲಿ ದುಡಿಯುವ ಹುಡುಗಿಯೊಬ್ಬಳ ಕಥೆ. ಹಳೆಯ ಸಿನಿಮಾ, ನೂರಾರು ಊರು ತಿರುಗಿ ರೀಲು ಸವೆದು ಬಿಳಿಚಿ ಹೋಗಿತ್ತು. ಬಿಸಿಲಿನಲ್ಲಿ ಹೊಳೆಯುವ ಉಪ್ಪು, ಉಪ್ಪಿನ ರಾಶಿ, ಅದರ ಹಿಂದೆ ಬೆಳ್ಳನೆಯ ಆಕಾಶ. ಅಷ್ಟರ ನಡುವೆ ನಾಯಕ ಎಲ್ಲಿದ್ದಾನೆಂದು ಹುಡುಕಬೇಕು.

"ಏ ಶಂಕರೆಪ್ಪಾ, ಪಿಕ್ಚರ್ ತಂದೀಯೋ, ತೊಳದ ಧೋತರ ತಂದೀಯೋ?" ಎಂದು ಮುಂದಿನ ಸಾಲಿನಿಂದ ಕೂಗು ಎದ್ದಿತು. ಶಂಕರೆಪ್ಪ ಬಾಗಿಲ ಪರದೆಯ ಹಿಂದೆ ಮುಖ ಮರೆಸಿಕೊಂಡ.

ಹೋಟೆಲಿನವರು ಬಂದರು. ವಿಮಲಾ ಮೆಲ್ಲಗೆ, ಒಂದು ಕೈ ಸೊಂಟಕ್ಕೆ ಇಟ್ಟು, ಕುರ್ಚಿಗಳ ಬೆನ್ನು ಹಿಡಿಯುತ್ತ ಬಂದಳು. ನೆತ್ತಿಯಿಂದ ಅಂಗಾಲಿನವರೆಗೆ ಬೆಳಕು. ತುಂಬಿದ ಹೊಟ್ಟೆ ಕಂಡಿತು, ಕಣ್ಣಿನ ಕೆಳಗಿನ ಕಪ್ಪು ಕಂಡಿತು, ತವರಿನಲ್ಲಿ ಇದ್ದಾಗ ಇಲ್ಲದ ಕೆನ್ನೆಯ ಮೂಳೆ ಕಂಡಿತು. ಪರದೆಯ ಮೇಲೆ ಹಾಡು ಶುರುವಾಗಿ ಗಂಡಸರು ಬೀಡಿ ಸೇದಲು ಎದ್ದಾಗ, ಬಸವಣ್ಣೆವ್ವನೂ ಎದ್ದಳು. ನಡುದಾರಿಯಲ್ಲಿ ಆಕೆಯ ನೆರಳು ಉಪ್ಪಿನ ರಾಶಿಯ ಮೇಲೆ ಬಿತ್ತು.

"ಓ ಮಾವಶೀ, ಖಾಲೀ ಬಸಾ ನಾ!" ಎಂದು ಇಲ್ಲಿಯೇ ಹುಟ್ಟಿ ಬೆಳೆದ ಹುಡುಗರು ಮರಾಠಿಯಲ್ಲಿ ಕೂಗಿದರು.

ಆಕೆ ಕೂಡಲಿಲ್ಲ. ಮಗಳ ಮುಂದೆ ಹೋಗಿ ನಿಂತಳು. ಪಕ್ಕದಲ್ಲಿದ್ದ ಅಕ್ಕು ಆ ಕರಿ ಕೋಟನ್ನೂ ಅದರ ಉಬ್ಬಿದ ಜೇಬುಗಳನ್ನೂ ನೋಡಿ, ಒಂದು ಪ್ರಶ್ನೆಯನ್ನೂ ಕೇಳದೆ ಸೊಸೆಯ ಸೆರಗನ್ನು ಬಿಡಿಸಿ ಅವಳ ಎರಡೂ ಕೈಗೆ ಕೊಟ್ಟಳು. "ಹಿಡ್ಕೊ ಮಗಾ, ಸಮಾ ಹಿಡ್ಕೊ. ಎದ್ದು ನಿಲ್ಲುದು ಬೇಡ," ಎಂದಳು. ಖಣ ಬಿತ್ತು, ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಬಿದ್ದವು. ಬಸವಣ್ಣೆವ್ವ ಹಸಿರು ಬಳೆಗಳನ್ನು ಒಂದೊಂದಾಗಿ, ಬೆರಳಿನ ಗಂಟು ಸವರಿ ನೋಡಿ, ಏರಿಸಿದಳು.

"ಯವ್ವಾ..." ಎಂದಳು ವಿಮಲಾ.

ಮುಂದಿನ ಮಾತು ಬರುವ ಮೊದಲೇ ಆ ಬಾಯಿಗೆ ಬೆಲ್ಲದ ಹೆಂಟೆ ಇಟ್ಟು, ತನ್ನ ತುಟಿಯನ್ನು ತಾನೇ ಕಚ್ಚಿ ಹಿಡಿದು, ಬಸವಣ್ಣೆವ್ವ ತಿರುಗಿದಳು. ತನ್ನ ಜಾಗಕ್ಕೆ ಬಂದು ಕೂತಾಗ ಮಹಾದೇವಪ್ಪ ಎಂದಿನಂತೆ ಪರದೆಗೆ ಮುಖ ಮಾಡಿ, ಗದ್ದವನ್ನು ಎದೆಗೆ ಊರಿ, ಕಣ್ಣು ಮುಚ್ಚಿ ಕೂತಿದ್ದ.

ಮುಂದಿನ ಯುಗಾದಿಯ ಹೊತ್ತಿಗೆ ಕೋಪರಿಯಲ್ಲಿ ಹೆಣ್ಣುಕೂಸು ಹುಟ್ಟಿದ ಸುದ್ದಿ ಸಂಘದಲ್ಲಿ ಎಲ್ಲರಿಗೂ ತಿಳಿದಿತ್ತು. ಮಹಾದೇವಪ್ಪನ ಮುಂದೆ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಬೇವುಬೆಲ್ಲ ಆಯಿತು. ಎಂದಿನ ಪ್ರಶ್ನೆ ಬಂತು. ಒಬ್ಬರು ದೇವರ ಸಿನಿಮಾ ಎಂದರು, ಇನ್ನೊಬ್ಬರು ಮಾಸ್ತರನದು ಎಂದರು, ಶಂಕರೆಪ್ಪ ತನ್ನ ಕಂದೀಲನ್ನು ಬಿಡಲಿಲ್ಲ. ಬಸವಣ್ಣೆವ್ವ "ಉಪ್ಪಿಂದು" ಎಂದಾಗ ವಾಡಿಕೆಯ ನಗೆ ಎದ್ದು ಅಡಗಿತು.

"ಮಹಾದೇವಪ್ಪಾರ, ನಿಮಗಂತೂ ನಿದ್ದಿ ಬಂದಿತ್ತು," ಎಂದು ಶಂಕರೆಪ್ಪ ಮುಂದಿನವರತ್ತ ತಿರುಗುತ್ತಿದ್ದ.

"ಇಲ್ಲ," ಎಂದ ಮಹಾದೇವಪ್ಪ. ಬಾಯಲ್ಲಿದ್ದ ಬೇವನ್ನು ಬಹಳ ಹೊತ್ತು ಅಗಿದ. "ನನಗೂ ಅದ. ಉಪ್ಪಿಂದು. ಬೆಳಕ ಛಲೋ ಇತ್ತು."

ಅವನು ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚು ತಿದ್ದುತ್ತ, ತನಗೆ ತಾನೇ ಹೇಳಿಕೊಂಡಂತೆ ಹೇಳಿದ: "ಹುಡುಗಿ ಭಾಳ ಸೊರಗ್ಯಾಳ."

ಆ ಸಿನಿಮಾದ ನಾಯಕಿ, ನೋಡಿದವರಿಗೆಲ್ಲ ಗೊತ್ತು, ಎರಡು ಉಪ್ಪಿನ ಚೀಲಗಳನ್ನು ಒಂದೇ ಬಾರಿಗೆ ಎತ್ತುವಷ್ಟು ದುಂಡಗಿದ್ದಳು. ಅಂದು ಯಾರೂ ನಗಲಿಲ್ಲ. ಥಿಯೇಟರಿನಲ್ಲಿ ಸದಾ ಓರೆಯಾಗಿ ಕೂಡುವ ಬಸವಣ್ಣೆವ್ವ, ಕೂತಲ್ಲಿಯೇ ಪೂರಾ ತಿರುಗಿ ಗಂಡನ ಮುಖಕ್ಕೆ ಮುಖ ಕೊಟ್ಟಳು.

ಊರು ಬಿಟ್ಟು ಬಂದ ನಮ್ಮಂಥವರ ನಡುವೆ ಇಂಥ ಸಿನಿಮಾ ಹುಚ್ಚಿನವರು ಬಹಳ. ಕಥೆ ಕೇಳಿದರೆ ತಪ್ಪುತಪ್ಪಾಗಿ ಹೇಳುತ್ತಾರೆ, ನಟರ ಹೆಸರು ಅದಲುಬದಲು ಮಾಡುತ್ತಾರೆ, ಎಲ್ಲರೂ ಉಗಿದ ಸಿನಿಮಾವನ್ನು ಮುಪ್ಪಿನವರೆಗೂ ನೆನೆಯುತ್ತಾರೆ. ಅವರ ಅಭಿರುಚಿಯನ್ನು ಹಳಿಯುವ ಮೊದಲು, ಆ ಬೆಳಗು ಅವರ ಹಿಂದಿನ ಸಾಲಿನಲ್ಲಿ ಯಾರು ಕೂತಿದ್ದರು ಎಂದು ಒಂದು ಮಾತು ಕೇಳಬೇಕು. ಪರದೆ ತನ್ನ ಪಾಡಿಗೆ ತಾನು ಬೆಳಗುತ್ತಿರುತ್ತದೆ. ಇವರು ಆ ಬೆಳಕನ್ನು ಬೊಗಸೆಯಲ್ಲಿ ಹಿಡಿದು, ಕರೆಯಲಾಗದ ಒಂದು ಮುಖದತ್ತ ಒಯ್ಯುತ್ತಿರುತ್ತಾರೆ.